ಸೈಬರ್‌ನಿಂದ ಬಿಜಿಎಂಐವರೆಗೆ: ಶೂಟರ್ ಗೇಮ್ ಆಡುವವರ ಬಾಯಿ ಯಾಕೆ ಕೆಟ್ಟಿತು?

ಬಿಎಂ ರೋಡ್ (ಹಾಸನ)

ಶೂಟರ್ ಗೇಮ್ ಆಡುವ ಹುಡುಗರ ಬಾಯಿ ಕೆಟ್ಟಿದೆ, ಮೂಗಿನ ತುದಿಯಲ್ಲೇ ಸಿಟ್ಟು ಅಂತ ಯಾರ ಮನೆಗೆ ಹೋದರೂ ದೂರು. ಎಲ್ಲರೂ ತಪ್ಪು ಹೊರಿಸುವುದು ಗನ್ ಮೇಲೆ. ನನಗೇನೋ ಹಾಗನ್ನಿಸುವುದಿಲ್ಲ. ಗನ್ ಆಗಲೂ ಇತ್ತು, ಈಗಲೂ ಇದೆ. ಯಾರ ಜೊತೆ ಕೂತು ಆಡುತ್ತೇವೆ ಅನ್ನುವುದು ಮಾತ್ರ ಪೂರ್ತಿ ಬದಲಾಗಿದೆ.

ನಾವು ಕಾಲೇಜಿನಲ್ಲಿದ್ದಾಗ ಹಾಸನದಲ್ಲಿ ಸೈಬರ್‌ಗೆ ಹೋಗುವುದು ಅಂದರೆ ಕೌಂಟರ್ ಸ್ಟ್ರೈಕ್ ಅನ್ನುವ ಶೂಟರ್ ಗೇಮ್ ಆಡೋಕೆ ಹೋಗುವುದು. ಹೊರಗೆ ‘ಬ್ರೌಸಿಂಗ್, ಜೆರಾಕ್ಸ್, ಲ್ಯಾಮಿನೇಷನ್’ ಅಂತ ಬೋರ್ಡು. ಒಳಗೆ ಸಾಲಾಗಿ ಸಿಸ್ಟಂಗಳು, ಎಲ್ಲದರಲ್ಲೂ ಆ ಗೇಮಿನ 1.6 ಆವೃತ್ತಿ. ಕೀಬೋರ್ಡಿನ ಡಬ್ಲ್ಯೂ, ಎ, ಎಸ್, ಡಿ ಅಕ್ಷರಗಳು ಸವೆದು ಬೋಳಾಗಿರುತ್ತಿದ್ದವು. ಮೌಸ್ ಜರುಗದೆ ಹೋದರೆ ಅದನ್ನು ಮಗುಚಿ, ಮುಚ್ಚಳ ತಿರುಗಿಸಿ, ಒಳಗಿನ ಚೆಂಡು ತೆಗೆದು ಪ್ಯಾಂಟಿಗೆ ಉಜ್ಜಿ ಮತ್ತೆ ಹಾಕಬೇಕಿತ್ತು. ಅಷ್ಟರಲ್ಲಿ ತಲೆಗೆ ಒಂದು ಬಿದ್ದಿರುತ್ತಿತ್ತು.

ಬಯ್ಗುಳ ಇರಲಿಲ್ಲ ಅಂತಲ್ಲ, ಧಾರಾಳವಾಗಿತ್ತು. ಡಸ್ಟ್ 2 ಅನ್ನುವ ಮ್ಯಾಪಿನಲ್ಲಿ ಬಾಗಿಲ ಹಿಂದೆ ಅವಿತು ಹೊಡೆದರೆ ಪಕ್ಕದ ಸಾಲಿನಿಂದ ‘ಯಾವನ್ಲಾ ಅವನು’ ಅಂತ ಕೂಗು. ಆದರೆ ಹಾಗೆ ಕೂಗಿದವನ ಜೊತೆಯೇ ಆಮೇಲೆ ಗೋಬಿ ತಿನ್ನೋಕೆ ಹೋಗಬೇಕಿತ್ತು. ಮಾತು ಮಿತಿ ಮೀರಿದರೆ ಓನರ್ ಬಂದು ಮಾನಿಟರ್ ಆಫ್ ಮಾಡಿ ‘ಎದ್ದೇಳು, ನಾಳೆ ಬಾ’ ಅನ್ನುತ್ತಿದ್ದರು. ಉಳಿದ ದುಡ್ಡೂ ವಾಪಸ್ ಇಲ್ಲ.

ಈಗ ಆಡುವ ಹುಡುಗನಿಗೆ ಎದುರಿಗಿರುವವನ ಹೆಸರೂ ಗೊತ್ತಿಲ್ಲ, ಊರೂ ಗೊತ್ತಿಲ್ಲ. ಅರ್ಧ ಗಂಟೆಯ ಮ್ಯಾಚು ಮುಗಿದರೆ ಆಮೇಲೆ ಈ ಜನ್ಮದಲ್ಲಿ ಅವನು ಸಿಗುವುದಿಲ್ಲ. ಬೈದರೆ ಕೇಳುವವರು ಯಾರು? ನಿಮಗೇನನ್ನಿಸುತ್ತದೆ, ಬರೆಯಿರಿ.

ಮೂಡಿಗೆರೆ ಮಾವ

ನಿಮ್ಮ ಸೈಬರ್‌ನಲ್ಲಿ ಕರೆಂಟ್ ಇರುತ್ತಿತ್ತಾ ಮಾರಾಯ್ರೇ? ನಮ್ಮ ಕಡೆ ಆಟದಲ್ಲಿ ಬಾಂಬ್ ಇಡುವುದರೊಳಗೆ ಲೈನ್ ಹೋಗುತ್ತಿತ್ತು. ಬಯ್ಗುಳವೆಲ್ಲ ಕರೆಂಟ್ ಆಫೀಸಿಗೇ ಸಲ್ಲುತ್ತಿತ್ತು, ಆಡುವವರಿಗೆ ಉಳಿಯುತ್ತಲೇ ಇರಲಿಲ್ಲ.

ಪಿಂಗ್ 240 (ಹೊಳೆನರಸೀಪುರ)

ಅಣ್ಣ, ‘ನಮ್ಮ ಕಾಲ ಚೆನ್ನಾಗಿತ್ತು’ ಅನ್ನುವುದನ್ನ ಎಲ್ಲ ಕಾಲದವರೂ ಹೇಳುತ್ತಾರೆ. ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ವ್ಯಾಲರಂಟ್ ಅನ್ನುವ ಆನ್‌ಲೈನ್ ಶೂಟರ್ ಆಡುತ್ತೇನೆ. ನಾನು ಕಣ್ಣು ಬಿಡುವ ಹೊತ್ತಿಗೆ ನಮ್ಮೂರಿನ ಸೈಬರ್‌ಗಳೆಲ್ಲ ಆಧಾರ್ ಪ್ರಿಂಟು, ಪಹಣಿ ತೆಗೆಸುವ ಅಂಗಡಿಗಳಾಗಿದ್ದವು. ಜೊತೆಗೆ ಆಡುವವರನ್ನು ಗೇಮೇ ಹುಡುಕಿ ಕೊಡುವ ಮ್ಯಾಚ್‌ಮೇಕಿಂಗ್ ಇಲ್ಲದಿದ್ದರೆ ನನಗೆ ಆಟವೇ ಇರುತ್ತಿರಲಿಲ್ಲ.

ನಿಮ್ಮ ಸೈಬರ್‌ನಲ್ಲಿ ಹೊಸಬನ ಗತಿ ಏನಾಗುತ್ತಿತ್ತು ಅದನ್ನೂ ಹೇಳಿ. ಸೀನಿಯರ್‌ಗಳು ಚಾಕುವಿನಲ್ಲೇ ಸಾಯಿಸಿ ನಗುತ್ತಿದ್ದರು ಅಲ್ವಾ? ಈಗ ರ್‍ಯಾಂಕ್ ಇದೆ. ನನ್ನಷ್ಟೇ ಆಡುವವರು ನನಗೆ ಸಿಗುತ್ತಾರೆ. ಸರ್ವರ್ ಮುಂಬೈಯಲ್ಲಿದೆ, ಫೈಬರ್ ಸರಿಯಿದ್ದ ದಿನ ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಬರುವ ತಡ, ಏನೂ ತೊಂದರೆಯಿಲ್ಲ. ಹೆಸರು ನೋಡಿ ನಗಬೇಡಿ, ಅದು ಮಳೆಗಾಲದ ಲೆಕ್ಕ.

ಬಾಯಿ ಕೆಡುವುದಕ್ಕೆ ನನ್ನ ಕಾರಣ ಬೇರೆ. ಅದು ರ್‍ಯಾಂಕೇ. ನನ್ನ ಪಾಯಿಂಟು ನಾಲ್ಕು ಜನ ಅಪರಿಚಿತರ ಕೈಯಲ್ಲಿರುತ್ತದೆ. ಒಬ್ಬ ಊಟಕ್ಕೆ ಅಂತ ಮಧ್ಯದಲ್ಲಿ ಎದ್ದು ಹೋದರೂ ಪಾಯಿಂಟು ಹೋಗುವುದು ನಂದು. ಸೈಬರ್‌ನಲ್ಲಿ ಸೋತರೆ ನಿಮಗೆ ಏನು ಹೋಗುತ್ತಿತ್ತು? ಇಪ್ಪತ್ತು ರೂಪಾಯಿ.

ಬಿಎಂ ರೋಡ್ (ಹಾಸನ)

ಚಾಕುವಿನಲ್ಲಿ ಸಾಯಿಸುತ್ತಿದ್ದೆವು, ನಿಜ. ಅದರಲ್ಲಿ ಒಂದು ಸುಖ ಇತ್ತು ತಮ್ಮಾ.

ರ್‍ಯಾಂಕ್ ವಿಷಯ ಒಪ್ಪುತ್ತೇನೆ. ಅದು ಎಲ್ಲಿಂದ ಬಂತು ನೋಡು. ಕೌಂಟರ್ ಸ್ಟ್ರೈಕ್ ದೊಡ್ಡ ಕಂಪನಿ ಮಾಡಿದ ಆಟವೇ ಅಲ್ಲ. 1999ರಲ್ಲಿ ಮಿನ್ ಲೆ, ಜೆಸ್ ಕ್ಲಿಫ್ ಅಂತ ಇಬ್ಬರು ಹಾಫ್ ಲೈಫ್ ಅನ್ನುವ ಬೇರೆ ಆಟವನ್ನು ಬದಲಿಸಿ ಅದರ ಮೇಲೆ ಕಟ್ಟಿದ ಮಾಡ್ ಅದು. ಜನ ಮುಗಿಬಿದ್ದು ಆಡಿದ ಮೇಲೆ ವಾಲ್ವ್ ಕಂಪನಿ ತೆಗೆದುಕೊಂಡು 2000ದಲ್ಲಿ ಬಿಡುಗಡೆ ಮಾಡಿತು. ಆಗ ಸರ್ವರ್ ನಡೆಸುತ್ತಿದ್ದವರು ಆಡುವ ಜನರೇ. ಪ್ರತಿ ಸರ್ವರ್‌ಗೆ ಒಬ್ಬ ಅಡ್ಮಿನ್. ಅವನ ನಿಯಮ ಅಲ್ಲಿ ನಡೆಯುತ್ತಿತ್ತು. ಇಷ್ಟ ಇಲ್ಲದಿದ್ದರೆ ಬೇರೆ ಸರ್ವರ್‌ಗೆ ಹೋಗು. ದಿನಾ ಅದೇ ಸರ್ವರ್‌ಗೆ ಬರುವವರು ಒಬ್ಬರಿಗೊಬ್ಬರು ಪರಿಚಯವಾಗುತ್ತಿದ್ದರು. ಹೆಸರು ಕೆಟ್ಟರೆ ನಾಳೆ ಒಳಗೆ ಸೇರಿಸುತ್ತಿರಲಿಲ್ಲ.

2004ರಲ್ಲಿ ಹೇಲೋ 2 ಬಂತು. ಸರ್ವರ್ ಹುಡುಕುವ ಕೆಲಸವೇ ಇಲ್ಲ, ಬಟನ್ ಒತ್ತು, ಮೆಷಿನ್ನೇ ಜನ ಹುಡುಕಿ ಕೊಡುತ್ತದೆ. 2007ರ ಕಾಲ್ ಆಫ್ ಡ್ಯೂಟಿ 4 ಇನ್ನೊಂದು ಸೇರಿಸಿತು. ಆಡಿದಷ್ಟೂ ಲೆವೆಲ್ ಏರುತ್ತದೆ, ಲೆವೆಲ್ ಏರಿದರೆ ಹೊಸ ಗನ್ ಸಿಗುತ್ತದೆ. ಅಲ್ಲಿಯವರೆಗೆ ಖುಷಿಗೆ ಆಡುತ್ತಿದ್ದವರು ಆಮೇಲೆ ಪಟ್ಟಿ ತುಂಬಿಸುವುದಕ್ಕೆ ಆಡಲು ಶುರು ಮಾಡಿದರು. 2009ರಲ್ಲಿ ಅದೇ ಸರಣಿಯ ಮಾಡರ್ನ್ ವಾರ್‌ಫೇರ್ 2 ಪಿಸಿಯಲ್ಲಿ ಬಂದಾಗ ಜನರೇ ನಡೆಸುವ ಸರ್ವರ್ ತೆಗೆದುಹಾಕಿದರು. ದೊಡ್ಡ ಗಲಾಟೆ ಆಯಿತು, ಬಹಿಷ್ಕಾರ ಅಂತ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಗುಂಪು ಕಟ್ಟಿದರು. ಆಟ ಬಿಡುಗಡೆಯಾದ ಮೇಲೆ ನೋಡಿದರೆ ಆ ಗುಂಪಿನವರೇ ಕೂತು ಅದನ್ನು ಆಡುತ್ತಿದ್ದರು! ಆ ಸ್ಕ್ರೀನ್‌ಶಾಟ್ ಇವತ್ತಿಗೂ ಓಡಾಡುತ್ತದೆ.

ನಾನು ಹೇಳುತ್ತಿರುವುದು ಇಷ್ಟೇ. ಓನರ್ ಹೋದ, ಅಡ್ಮಿನ್ ಹೋದ. ಅವರ ಜಾಗಕ್ಕೆ ‘ರಿಪೋರ್ಟ್’ ಅನ್ನುವ ಒಂದು ಬಟನ್ ಬಂತು.

ರೋಬಸ್ಟಾ (ಸಕಲೇಶಪುರ)

ಪಿಸಿ ಜನರ ಮಾತು ಮುಗಿದಿದ್ದರೆ ಮೊಬೈಲ್‌ನವರೂ ಒಂದೆರಡು ಮಾತಾಡಬಹುದಾ? ನಮ್ಮ ಕಡೆ ಮುಕ್ಕಾಲು ಪಾಲು ಜನ ಆಡಿದ್ದು ಮೊಬೈಲ್‌ನಲ್ಲೇ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗ ಆಯಿತು. 2018ರ ಮಾರ್ಚ್‌ನಲ್ಲಿ ಪಬ್ಜಿ ಮೊಬೈಲ್ ಬಂತು. ಕಂಪ್ಯೂಟರ್ ಮುಟ್ಟಿಯೂ ನೋಡದವರಿಗೆ ಅದೇ ಮೊದಲ ಗೇಮು. ನಮ್ಮ ಸ್ಕ್ವಾಡ್‌ನಲ್ಲಿ ಒಬ್ಬ ಪಿಕಪ್ ಓಡಿಸುತ್ತಿದ್ದ, ಒಬ್ಬ ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸಕ್ಕಿದ್ದ, ಒಬ್ಬ ಡಿಗ್ರಿ, ನಾನು ತೋಟ. ಮನೆಯೊಳಗೆ ಸಿಗ್ನಲ್ ಇಲ್ಲ. ಕಣದ ಮೂಲೆಯಲ್ಲಿ ಒಂದು ಜಾಗ ಇದೆ, ಅಲ್ಲಿ ಎರಡು ಕಡ್ಡಿ ಬರುತ್ತದೆ. ಕಾಫಿ ಒಣಗಲು ಹಾಕಿದ ದಿನ ಕಾಯುವ ನೆಪದಲ್ಲಿ ಅಲ್ಲೇ ಕೂರುತ್ತಿದ್ದೆ. ಜೂನ್ ಬಂದರೆ ಕತೆ ಮುಗಿಯಿತು. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರ್‌ನ ಬ್ಯಾಟರಿ ಮುಗಿದ ಮೇಲೆ ನೆಟ್‌ವರ್ಕೂ ಹೋಗುತ್ತದೆ. ಪಬ್ಜಿ ಮ್ಯಾಪಿನ ಪೊಚಿಂಕಿ ಊರಲ್ಲಿ ನಿಂತ ನಿಲುವಿನಲ್ಲೇ ಎಷ್ಟು ಸಲ ಸತ್ತಿದ್ದೇನೋ.

ಒಂದು ವಿಷಯ ಯಾರೂ ಹೇಳಲಿಲ್ಲ. ಸತ್ತರೆ ಏನಾಗುತ್ತದೆ ಅನ್ನುವುದರ ಮೇಲೆ ಆಡುವವನ ಬುದ್ಧಿ ನಿಂತಿದೆ. ಡೂಮ್, ಕ್ವೇಕ್ ಕಾಲದ ಡೆತ್‌ಮ್ಯಾಚ್‌ನಲ್ಲಿ ಸತ್ತರೆ ಆ ಕ್ಷಣವೇ ಮತ್ತೆ ಎದ್ದು ಬರುತ್ತಿದ್ದರು, ಹಾಗಾಗಿ ನುಗ್ಗುತ್ತಿದ್ದರು. ಕೌಂಟರ್ ಸ್ಟ್ರೈಕ್‌ನಲ್ಲಿ ಸತ್ತರೆ ಆ ರೌಂಡ್ ಮುಗಿಯುವವರೆಗೆ ಸುಮ್ನೆ ಕೂತು ಬೇರೆಯವರ ಆಟ ನೋಡಬೇಕು. ಇನ್ನೊಬ್ಬರ ಆಟ ನೋಡುವ ಚಟ ಅಲ್ಲೇ ಹತ್ತಿರಬೇಕು, ಈಗ ಅದನ್ನೇ ಸ್ಟ್ರೀಮ್ ಅನ್ನುತ್ತಾರೆ. ಪಬ್ಜಿಯಲ್ಲಿ ನೂರು ಜನ, ಒಂದೇ ಜೀವ. ನುಗ್ಗುವವನು ಬೇಗ ಸಾಯುತ್ತಾನೆ. ಹಾಗಾಗಿ ನಿಜ ಜೀವನದಲ್ಲಿ ಎಲ್ಲರ ಮೇಲೂ ಹಾರಾಡುವ ನಮ್ಮ ಪಿಕಪ್ ಡ್ರೈವರ್ ಆಟದಲ್ಲಿ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಹತ್ತನೇ ಸ್ಥಾನದೊಳಗೆ ಬಂದ ಮೇಲೇ ಅವನ ಧ್ವನಿ ಕೇಳುತ್ತಿದ್ದದ್ದು.

ಒಳ್ಳೆಯದೂ ನೋಡಿದ್ದೇನೆ. ಬಿದ್ದವನನ್ನು ಎತ್ತಲು ಬಯಲಿಗೆ ಓಡಿ ಬಂದು ತಾನೇ ಸತ್ತವರಿದ್ದಾರೆ. ಯಾವುದೋ ರಾಜ್ಯದವನು, ಮುಖ ಕಂಡಿಲ್ಲ. ತನಗಿದ್ದ ಒಂದೇ ಫಸ್ಟ್ ಏಡ್ ನನ್ನ ಮುಂದೆ ಎಸೆದು ‘ಲೇ ಲೇ ಭಾಯ್’ ಅಂದಿದ್ದ. ನನಗೆ ಬರುವ ಅಲ್ಪಸ್ವಲ್ಪ ಹಿಂದಿ ಪಬ್ಜಿ ಕಲಿಸಿದ್ದು. ಅದರಲ್ಲಿ ಅರ್ಧ ಮನೆಯಲ್ಲಿ ಆಡುವಂಥದ್ದಲ್ಲ.

ಮೂಡಿಗೆರೆ ಮಾವ

‘ಲೇ ಲೇ’ ಅಂದದ್ದಕ್ಕೆ ನೀವು ತಿರುಗಿ ಬೈಯಲಿಲ್ಲ ತಾನೇ?

ರೋಬಸ್ಟಾ (ಸಕಲೇಶಪುರ)

ಬೈದೆ. ಆಮೇಲೆ ಡಿಗ್ರಿ ಹುಡುಗ ಅರ್ಥ ಹೇಳಿದ, ‘ತಗೋ’ ಅಂತ.

ಅರಸೀಕೆರೆ ಮೇಷ್ಟ್ರು

ಹೈಸ್ಕೂಲಿನಲ್ಲಿ ಪಾಠ ಮಾಡುವವನು ನಾನು. ಆಟ ಆಡುವುದಿಲ್ಲ, ಆಡುವವರನ್ನು ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ನೋಡುತ್ತೇನೆ.

ಗನ್ ಮೇಲೆ ತಪ್ಪು ಹೊರಿಸುವ ಬಗ್ಗೆ ಬಿಎಂ ರೋಡ್ ಅವರು ಹೇಳಿದ್ದು ಬಹುಮಟ್ಟಿಗೆ ಸರಿ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಇದೇ ಮಾತು ಹೇಳಿತು. ಹಿಂಸೆಯ ಗೇಮ್ ಆಡುವುದರಿಂದ ಜನ ನಿಜವಾದ ಹಿಂಸೆಗೆ ಇಳಿಯುತ್ತಾರೆ ಅನ್ನುವುದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ. ಆದರೆ ಅದೇ ಹೇಳಿಕೆಯಲ್ಲಿ ಇನ್ನೊಂದು ಸಾಲು ಇತ್ತು, ಅದನ್ನು ಗೇಮ್ ಆಡುವವರು ಬಿಟ್ಟುಬಿಡುತ್ತಾರೆ. ಕೂಗಾಟ, ತಳ್ಳಾಟದಂಥ ವರ್ತನೆಗೂ ಈ ಆಟಗಳಿಗೂ ಸಣ್ಣದಾದರೂ ನಂಟು ಇದೆ ಅಂತ. ನಾನು ಕಾರಿಡಾರಿನಲ್ಲಿ ನೋಡುವುದು ಅದನ್ನೇ.

ನನ್ನ ಚಿಂತೆ ನಿದ್ದೆ ಮತ್ತು ದುಡ್ಡು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಜಾಸ್ತಿ ಹೊತ್ತು ಆಡಿದ ಕೂಡಲೇ ಕಾಯಿಲೆ ಅಂತ ಅಲ್ಲ. ನಿಲ್ಲಿಸಬೇಕು ಅಂದರೂ ಆಗಬಾರದು, ಬೇರೆಲ್ಲ ಕೆಲಸ ಹಿಂದೆ ಬೀಳಬೇಕು, ನಷ್ಟ ಕಣ್ಣಿಗೆ ಕಂಡರೂ ಬಿಡಲಾಗಬಾರದು, ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದಿರಬೇಕು. ಮಗ ಭಾನುವಾರ ಪೂರ್ತಿ ಆಡಿದ ಅಂತ ಗಾಬರಿಯಾಗಿ ಬರುವ ತಂದೆತಾಯಿಗೆ ನಾನು ಇದನ್ನೇ ಹೇಳುತ್ತೇನೆ. ನಿಜಕ್ಕೂ ಕೈಮೀರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಅಂತ ಇದೆ, 2014ರಿಂದ ಇಂಥದ್ದಕ್ಕೇ ನಡೆಯುತ್ತಿದೆ.

ಇನ್ನು ದುಡ್ಡು. ಪಬ್ಜಿಯ ಭಾರತದ ಆವೃತ್ತಿ ಬಿಜಿಎಂಐನಲ್ಲಿ 18 ತುಂಬದವರಿಗೆ ದಿನಕ್ಕೆ 3 ಗಂಟೆ ಅಂತ ಮಿತಿ ಇಟ್ಟಿದ್ದಾರೆ. ಖರ್ಚಿಗೂ ಮಿತಿ ಇದೆ, ದಿನಕ್ಕೆ 7000 ರೂಪಾಯಿ. ಅರಸೀಕೆರೆಯಲ್ಲಿ ಯಾವ ಮಗುವಿನ ಮನೆಗೆ ಅದು ಮಿತಿ, ಹೇಳಿ! ಮೇಲಾಗಿ ಅಕೌಂಟ್ ಇರುವುದು ಅಪ್ಪನ ವಯಸ್ಸಿನಲ್ಲಿ. ಯುಪಿಐ ಪಿನ್ ಮಗನಿಗೆ ಗೊತ್ತು, ಅಪ್ಪನಿಗೆ ಮರೆತುಹೋಗಿದೆ. ಕೊಬ್ಬರಿ ಮಾರಿದ ದುಡ್ಡು ಖಾತೆಗೆ ಬಿದ್ದ ವಾರವೇ ಯಾಕೋ ತರಗತಿಯಲ್ಲಿ ಹೊಸ ಸ್ಕಿನ್ನಿನ, ಅಂದರೆ ಆಟದೊಳಗೆ ಕೊಳ್ಳುವ ಬಣ್ಣ ಬಟ್ಟೆಯ, ಮಾತು ಜಾಸ್ತಿ.

ತೆಂಗಿನ ಗರಿ (ಚನ್ನರಾಯಪಟ್ಟಣ)

ಎಲ್ಲ ಓದಿದೆ. ಬಿಎಂ ರೋಡ್ ಅಣ್ಣನಿಗೆ ಒಂದೇ ಪ್ರಶ್ನೆ. ನಿಮ್ಮ ಸೈಬರ್‌ನಲ್ಲಿ ಹುಡುಗಿಯರು ಎಷ್ಟು ಜನ ಇದ್ದರು?

ನಾನೇ ಹೇಳುತ್ತೇನೆ. ಇರಲಿಲ್ಲ. ನನ್ನ ಅಣ್ಣ ಹೋಗುತ್ತಿದ್ದ, ಬಂದು ಕತೆ ಹೇಳುತ್ತಿದ್ದ. ನಾನು ಹೋಗುವ ಮಾತೇ ಇರಲಿಲ್ಲ. ಪರದೆ ಕಟ್ಟಿದ ಕ್ಯಾಬಿನ್, ಸಂಜೆ ಏಳು ಗಂಟೆ, ಒಳಗೆ ಬರೀ ಹುಡುಗರು. ನಮ್ಮಮ್ಮ ಬಿಡಿ, ನನಗೇ ಕಾಲು ಬರುತ್ತಿರಲಿಲ್ಲ. ಮುಖ ಕಾಣದ ಆಟ ಬಂದ ಮೇಲೇ ನಾನು ಆಡಿದ್ದು. ನೀವು ಯಾವುದನ್ನ ಕೆಟ್ಟದ್ದು ಅನ್ನುತ್ತೀರೋ ಅದೇ ನನಗೆ ಬಾಗಿಲು ತೆಗೆಯಿತು.

ಹಾಗಂತ ಒಳಗೆ ಹೂವಿನ ಹಾಸಿಗೆ ಏನೂ ಇರಲಿಲ್ಲ. ಮೈಕ್ ಆನ್ ಮಾಡಿ ‘ಬಲಗಡೆ ಇದ್ದಾನೆ’ ಅಂದರೆ ಸಾಕು. ಒಂದು ಕ್ಷಣ ಎಲ್ಲ ಸುಮ್ಮನಾಗುತ್ತಾರೆ. ಆಮೇಲೆ ಶುರು. ಒಬ್ಬ ಇನ್‌ಸ್ಟಾ ಐಡಿ ಕೇಳುತ್ತಾನೆ, ಒಬ್ಬ ‘ಅಡುಗೆಮನೆಗೆ ಹೋಗು’ ಅನ್ನುತ್ತಾನೆ, ಒಬ್ಬ ಬೇಕಂತಲೇ ನನ್ನ ಮೇಲೆ ಗ್ರೆನೇಡ್ ಎಸೆಯುತ್ತಾನೆ. ಸೋತರೆ ನನ್ನಿಂದ, ಗೆದ್ದರೆ ‘ಹುಡುಗಿ ಅಲ್ಲ, ಅಕೌಂಟ್ ಬೇರೆ ಯಾರದೋ’. ಈಗ ನನ್ನ ಐಡಿ ಗಂಡು ಹೆಸರಿನದು, ಮೈಕ್ ಯಾವಾಗಲೂ ಆಫ್.

ನನ್ನನ್ನು ಉಳಿಸಿದ್ದು ಪಿಂಗ್. ನೆಟ್ಟಿನ ಪಿಂಗ್ ಅಲ್ಲ, ಗುರುತು ಹಾಕುವ ಪಿಂಗ್. 2019ರಲ್ಲಿ ಏಪೆಕ್ಸ್ ಲೆಜೆಂಡ್ಸ್ ಬಂದಾಗ ಒಂದು ಬಟನ್ನಿನಲ್ಲಿ ಎಲ್ಲ ಹೇಳುವ ಹಾಗೆ ಮಾಡಿದ್ದರು. ಇಲ್ಲಿ ಶತ್ರು, ಇಲ್ಲಿ ಗನ್, ಅಲ್ಲಿಗೆ ಹೋಗೋಣ, ಸರಿ, ಬೇಡ. ಬಾಯಿ ಬಿಡುವುದೇ ಬೇಡ. ಆಮೇಲೆ ಬೇರೆ ಆಟಗಳೂ ಅದನ್ನೇ ಹಿಡಿದವು. ಹಿಂದಿ ಬರದಿದ್ದರೂ ನಡೆಯುತ್ತದೆ, ಹುಡುಗಿಯಾದರೂ ನಡೆಯುತ್ತದೆ. ಶೂಟರ್ ಗೇಮ್‌ಗಳಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ನನಗೆ ಕಂಡಿಲ್ಲ. ಹೊಸ ಗನ್ ಬಂದರೆ ಮೈಲುದ್ದ ಬರೆಯುತ್ತೀರಿ, ಇದರ ಬಗ್ಗೆ ಯಾರೂ ಬರೆಯುವುದಿಲ್ಲ.

ಪಿಂಗ್ 240 (ಹೊಳೆನರಸೀಪುರ)

ಅಕ್ಕ, ವ್ಯಾಲರಂಟ್‌ನಲ್ಲೂ ಇದೇ ಕತೆ. ನಮ್ಮ ಕಾಲೇಜಿನ ಒಬ್ಬಳು ಆಡುತ್ತಾಳೆ, ನನಗಿಂತ ಎರಡು ರ್‍ಯಾಂಕ್ ಮೇಲೆ. ನಮ್ಮ ಜೊತೆ ಐದು ಜನ ಕೂಡಿದರೆ ಮಾತ್ರ ಮೈಕ್ ಹಾಕುತ್ತಾಳೆ.

ಕಂಪನಿಗಳು ಏನೂ ಮಾಡುತ್ತಿಲ್ಲ ಅಂತ ಹೇಳಲಾಗುವುದಿಲ್ಲ. ವ್ಯಾಲರಂಟ್ ಮಾಡಿದ ರಾಯಟ್ ಕಂಪನಿ 2022ರಲ್ಲಿ ವಾಯ್ಸ್ ಚಾಟ್ ರೆಕಾರ್ಡ್ ಮಾಡಿ, ಬಯ್ಗುಳ ಹಿಡಿಯುವುದನ್ನು ಮೆಷಿನ್‌ಗೆ ಕಲಿಸಲು ಶುರು ಮಾಡಿತು. ಮೊದಲು ಮಾಡಿದ್ದು ಉತ್ತರ ಅಮೆರಿಕದಲ್ಲಿ, ಅದೂ ಇಂಗ್ಲಿಷ್ ಮಾತಿಗೆ. ಹಾಸನದ ಬಯ್ಗುಳ ಆ ಮೆಷಿನ್‌ಗೆ ಯಾವ ಕಾಲಕ್ಕೆ ಗೊತ್ತಾಗಬೇಕು?

ಮೂಡಿಗೆರೆ ಮಾವ

ಮಲೆನಾಡಿನ ಬಯ್ಗುಳ ಹಿಡಿಯುವುದು ಇನ್ನೂ ಕಷ್ಟ. ನಾವು ನಗುತ್ತಾ ಬೈಯುತ್ತೇವೆ.

ನಿರ್ವಾಹಕ

ಒಂದು ಕಾಮೆಂಟ್ ತೆಗೆದಿದ್ದೇನೆ. ಬಯ್ಗುಳಕ್ಕೆ ಉದಾಹರಣೆ ಕೊಡಿ ಅಂತ ಯಾರೂ ಕೇಳಿರಲಿಲ್ಲ. ಚರ್ಚೆ ಮುಂದುವರಿಯಲಿ.

ಬಿಎಂ ರೋಡ್ (ಹಾಸನ)

ನೋಡಿ, ಓನರ್ ಬಂದು ಮಾನಿಟರ್ ಆಫ್ ಮಾಡಿದರು!

ತೆಂಗಿನ ಗರಿ ಅವರ ಮಾತಿಗೆ ಬರುತ್ತೇನೆ. ಸೈಬರ್ ಎಲ್ಲರ ಜಾಗ ಆಗಿರಲಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಹೇಳಿದ್ದನ್ನೇ ಇನ್ನೊಂದು ಸಲ ಓದಿ. ಗ್ರೆನೇಡ್ ಎಸೆದವನಿಗೆ ಏನಾಯಿತು? ಏನೂ ಆಗಲಿಲ್ಲ. ಮೈಕ್ ಆಫ್ ಮಾಡಿದ್ದು ನೀವು, ಹೆಸರು ಬದಲಿಸಿದ್ದು ನೀವು. ಮುಖ ಕಾಣಬೇಕು ಅಂತ ನನ್ನ ಹಠ ಇಲ್ಲ. ‘ಎದ್ದೇಳು’ ಅನ್ನುವ ಅಧಿಕಾರ ಇರುವ ಒಬ್ಬ ಮನುಷ್ಯ ಅಲ್ಲಿ ಇರಬೇಕು ಅಷ್ಟೇ.

ವಾಲ್ವ್‌ನವರು ಸಿಎಸ್‌ಗೋದಲ್ಲಿ, ಅಂದರೆ ಕೌಂಟರ್ ಸ್ಟ್ರೈಕ್‌ನ ಆಮೇಲಿನ ಆಟದಲ್ಲಿ, ಒಂದು ಪ್ರಯತ್ನ ಮಾಡಿದ್ದರು. 2013ರಲ್ಲಿ ಓವರ್‌ವಾಚ್ ಅಂತ ತಂದರು. ಅದೇ ಹೆಸರಿನ ಬೇರೆ ಗೇಮ್ ಇದೆ, ಅದಲ್ಲ. ದೂರು ಬಂದವನ ಆಟದ ರೆಕಾರ್ಡಿಂಗನ್ನು ಅನುಭವ ಇರುವ ಆಟಗಾರರಿಗೆ ತೋರಿಸಿ ತೀರ್ಪು ಕೇಳುತ್ತಿದ್ದರು. ಹೆಸರು ಮುಚ್ಚಿರುತ್ತಿತ್ತು. ಗೋಡೆಯ ಆಚೆ ಇರುವವನು ಇವನಿಗೆ ಕಾಣುತ್ತಿದ್ದಾನಾ, ಗುರಿ ತಾನಾಗಿ ಹೋಗಿ ತಲೆಗೆ ಅಂಟುತ್ತಿದೆಯಾ ಅಂತ ಕೂತು ನೋಡಬೇಕು. ನಾನೂ ನೋಡಿದ್ದೇನೆ. ಹ್ಯಾಕರ್ ಹಿಡಿಯುವುದು ಆಡುವುದಕ್ಕಿಂತ ಮಜಾ. ಆದರೆ ಅದರಲ್ಲಿ ಮಾತು ಕೇಳಿಸುತ್ತಿರಲಿಲ್ಲ, ಬಾಯಿಗೆ ಶಿಕ್ಷೆ ಇರಲಿಲ್ಲ.

ಪಿಂಗ್ 240 (ಹೊಳೆನರಸೀಪುರ)

ಮೇಷ್ಟ್ರು ಸ್ಕಿನ್ ಅಂದರಲ್ಲ, ಅದಕ್ಕೆ ಸೇರಿಸುತ್ತೇನೆ. 2013ರ ಆಗಸ್ಟ್‌ನಲ್ಲಿ ಸಿಎಸ್‌ಗೋಗೆ ಆರ್ಮ್ಸ್ ಡೀಲ್ ಅನ್ನುವ ಅಪ್‌ಡೇಟ್ ಬಂತು. ಗನ್ನಿಗೆ ಬಣ್ಣ. ಅದರಿಂದ ಗುಂಡು ಜೋರಾಗಿ ಹೋಗುವುದಿಲ್ಲ, ಬಣ್ಣ ಅಷ್ಟೇ. ಪೆಟ್ಟಿಗೆ ತೆಗೆಯಲು ದುಡ್ಡು ಕೊಟ್ಟು ಕೀ ಕೊಳ್ಳಬೇಕು, ಒಳಗೆ ಏನಿದೆ ಅದೃಷ್ಟ. ಇದು ಜೂಜೇ ಅಂತ ಬೆಲ್ಜಿಯಂ ದೇಶ 2018ರಲ್ಲಿ ಇಂಥ ಪೆಟ್ಟಿಗೆಗಳಿಗೆ ತಡೆ ಹಾಕಿತು.

ಆಮೇಲೆ ಫೋರ್ಟ್‌ನೈಟ್. ಆಟ ಫ್ರೀ. ಆದರೆ ಸ್ಕಿನ್ ಕೊಳ್ಳದೆ ಆಡುವ ಹುಡುಗನನ್ನು ಬೇರೆ ಹುಡುಗರು ‘ಡಿಫಾಲ್ಟ್’ ಅಂತ ಹೀಯಾಳಿಸುತ್ತಿದ್ದರು. ನಮ್ಮಲ್ಲಿ ಫ್ರೀ ಫೈರ್ ಅನ್ನುವ ಮೊಬೈಲ್ ಶೂಟರ್ ಆಡುವ ಮಕ್ಕಳಲ್ಲೂ ಅದೇ ಬುದ್ಧಿ. ನಮ್ಮ ಬೀದಿಯಲ್ಲಿ ಒಬ್ಬ ಆರನೇ ಕ್ಲಾಸಿನವನಿದ್ದಾನೆ. ಅವನ ಕೈಯಲ್ಲಿರುವುದು ಸ್ಕ್ರೀನ್ ಒಡೆದ ಅಮ್ಮನ ಫೋನು. ಹೆಬ್ಬೆರಳಿಗೆ ಗಾಜು ಚುಚ್ಚಬಾರದು ಅಂತ ಟೇಪ್ ಅಂಟಿಸಿದ್ದಾನೆ. ಆ ಟೇಪಿನ ಮೇಲೇ ಉಜ್ಜಿ ಹೆಡ್‌ಶಾಟ್ ಹೊಡೆಯುತ್ತಾನೆ, ನನಗೆ ಆಗಲ್ಲ. ಆದರೂ ಬಟ್ಟೆ ಇಲ್ಲ ಅಂತ ಉಳಿದವರು ಅವನನ್ನು ಸ್ಕ್ವಾಡಿಗೆ ಸೇರಿಸುವುದಿಲ್ಲ. ಇದು ಗನ್ನಿನ ತಪ್ಪೂ ಅಲ್ಲ, ಮುಖ ಕಾಣದ್ದರ ತಪ್ಪೂ ಅಲ್ಲ. ಒಬ್ಬರಿಗೊಬ್ಬರು ಮುಖ ಕಂಡೇ ಹೀಗೆ ಮಾಡುತ್ತಾರೆ.

ರೋಬಸ್ಟಾ (ಸಕಲೇಶಪುರ)

ಆ ಹುಡುಗನ ಐಡಿ ಕಳಿಸು. ಸೀರಿಯಸ್ಸಾಗಿ ಹೇಳುತ್ತಿದ್ದೇನೆ.

ಬ್ಯಾನ್ ಬಗ್ಗೆಯೂ ಒಂದು ಮಾತು. 2020ರ ಸೆಪ್ಟೆಂಬರ್ 2ಕ್ಕೆ ಪಬ್ಜಿ ಬ್ಯಾನ್ ಆಯಿತು, ಇನ್ನು ನೂರಹದಿನೇಳು ಆ್ಯಪ್‌ಗಳ ಜೊತೆ. ಕಾರಣ ಹೇಳಿದ್ದು ದೇಶದ ಭದ್ರತೆ, ನಮ್ಮ ಬಾಯಿಯಲ್ಲ. 2021ರ ಜುಲೈನಲ್ಲಿ ಬಿಜಿಎಂಐ ಆಗಿ ಬಂತು, 2022ರ ಜುಲೈನಲ್ಲಿ ಅದೂ ಹೋಯಿತು, 2023ರ ಮೇನಲ್ಲಿ ಮತ್ತೆ ಬಂತು. ಪ್ರತಿ ಸಲ ಹುಡುಗರು ಫ್ರೀ ಫೈರ್, ಕಾಲ್ ಆಫ್ ಡ್ಯೂಟಿ ಅಂತ ಚದುರಿದರು, ವಾಪಸ್ ಬಂದಾಗ ಅರ್ಧ ಜನ ಇರಲಿಲ್ಲ. ಬಿಜಿಎಂಐನಲ್ಲಿ ರಕ್ತ ಹಸಿರು ಬಣ್ಣಕ್ಕೆ ತಿರುಗಿತ್ತು, ‘ಕಿಲ್’ ಹೋಗಿ ‘ಫಿನಿಶ್’ ಆಗಿತ್ತು. ನಮ್ಮ ಡ್ರೈವರ್ ಮಾತ್ರ ಅದೇ ಬಚ್ಚಲುಮನೆಯಲ್ಲಿ ಸಿಕ್ಕಿದ.

ಅರಸೀಕೆರೆ ಮೇಷ್ಟ್ರು

2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಬಂತು. ದುಡ್ಡು ಕಟ್ಟಿ ಆಡುವ ಆಟಗಳಿಗೆ ನಿಷೇಧ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ನಿಮ್ಮ ಶೂಟರ್‌ಗಳು ಎರಡನೆಯ ಬದಿಯಲ್ಲಿವೆ. ಅಂದಿನಿಂದ ನನ್ನ ಕ್ಲಾಸಿನಲ್ಲಿ ‘ಸಾರ್, ಇದು ಸ್ಪೋರ್ಟ್ಸು’ ಅನ್ನುವ ವಾದ ಶುರುವಾಗಿದೆ. ಸ್ಪೋರ್ಟ್ಸ್ ಆದರೆ ಬೆಳಿಗ್ಗೆ ಐದಕ್ಕೆ ಎದ್ದು ಪ್ರಾಕ್ಟೀಸ್ ಮಾಡಿ ಅಂದಿದ್ದೇನೆ.

ಬಿಎಂ ರೋಡ್ (ಹಾಸನ)

ಮೇಷ್ಟ್ರೇ, ಐದಕ್ಕೆ ಸರ್ವರ್ ಖಾಲಿ ಇರುತ್ತದೆ, ಅವರು ಖುಷಿಯಾಗಿ ಏಳುತ್ತಾರೆ. ಆ ಐಡಿಯಾ ಕೊಡಬೇಡಿ.

ಒಂದು ಕೇಳುತ್ತೇನೆ. ನನ್ನ ಅಂಗಡಿ ಮೇಲಿನ ರೂಮು ಖಾಲಿ ಇದೆ. ಸರ್ವಿಸ್‌ಗೆ ಬಂದು ಯಾರೂ ತೆಗೆದುಕೊಂಡು ಹೋಗದ ಹಳೇ ಸಿಸ್ಟಂಗಳಿವೆ, 1.6ಕ್ಕೆ ಧಾರಾಳ ಸಾಕು. ಇಂಟರ್ನೆಟ್ಟೂ ಬೇಡ, ಒಂದು ಸ್ವಿಚ್ಚು, ಕೇಬಲ್ಲು ಇದ್ದರೆ ಆಯಿತು. ಹಾಸನಾಂಬೆ ದರ್ಶನದ ಸಮಯ ಬಿಟ್ಟು ಬೇರೆ ಯಾವ ಭಾನುವಾರವಾದರೂ ಸರಿ, ಆ ಸಮಯದಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಹಗಲು ಹೊತ್ತು, ಬಾಗಿಲು ತೆಗೆದಿರುತ್ತದೆ, ಪರದೆ ಇಲ್ಲ. ಯಾರು ಬರುತ್ತೀರಿ?

ಪಿಂಗ್ 240 (ಹೊಳೆನರಸೀಪುರ)

1.6? ಡೈನೋಸಾರ್ ಕಾಲದ್ದು ಅಣ್ಣ. ಈಗಿನ ಕೌಂಟರ್ ಸ್ಟ್ರೈಕ್, ಸಿಎಸ್ 2 ಹಾಕಿ, ಬರುತ್ತೇನೆ.

ಬಿಎಂ ರೋಡ್ (ಹಾಸನ)

ಆ ಸಿಸ್ಟಂಗಳಲ್ಲಿ ಸಿಎಸ್ 2 ಹಾಕಿದರೆ ಹೊಗೆ ಬರುತ್ತದೆ, ಗ್ರೆನೇಡಿನದ್ದಲ್ಲ.

ತೆಂಗಿನ ಗರಿ (ಚನ್ನರಾಯಪಟ್ಟಣ)

ನಾನು ಬರುತ್ತೇನೆ, ಜೊತೆಗೆ ಇನ್ನಿಬ್ಬರು ಗೆಳತಿಯರು. ಮೌಸ್ ನಮ್ಮದೇ ತರುತ್ತೇವೆ, ನಿಮ್ಮ ಚೆಂಡಿನ ಮೌಸ್ ಬೇಡ. 1.6 ಆಡಿಲ್ಲ, ಆದರೆ ಚಾಕುವಿನಲ್ಲಿ ಸಾಯಿಸುವುದು ಹೇಗೆ ಅಂತ ಅಣ್ಣನ ಹತ್ತಿರ ಕೇಳಿಕೊಂಡು ಬರುತ್ತೇನೆ.

ಮೂಡಿಗೆರೆ ಮಾವ

ಯುಪಿಎಸ್ ಇದೆಯಾ?